ವಿಯೆನ್ನಾದ ವೈನು, ನಮ್ಮೂರಿನ ಕ್ವಾರ್ಟರು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಈಚೆಗೆ ವೈನಿನ ಜಟಾಪಟಿ ಜೋರಾಗಿದೆ. ಮಲೆನಾಡಿನ ಹೋಂಸ್ಟೇಗಳಲ್ಲಿ ಹಣ್ಣಿನ ವೈನ್ ಕೊಡಲು ಬಿಡಬೇಕು, ಯುರೋಪಿನಲ್ಲಿ ಜನ ಅದನ್ನು ನೀರಿನ ಹಾಗೆ ಕುಡಿಯುತ್ತಾರೆ, ಅಲ್ಲಿ ಯಾರು ಹಾಳಾಗಿದ್ದಾರೆ ಎಂದು ಶಿವಮೊಗ್ಗದವರೊಬ್ಬರು ಕೇಳಿದರು. ಸಾಗರ ಕಡೆಯ ಇನ್ನೊಬ್ಬರು ಕೆಂಡಾಮಂಡಲವಾಗಿ, ಕುಡುಕರ ದೇಶದ ಚಾಳಿ ನಮಗೆ ಬೇಡ ಎಂದು ಉತ್ತರ ಬರೆದರು. ಎರಡನ್ನೂ ಓದಿದೆ. ಇಬ್ಬರಲ್ಲಿ ಯಾರೂ ಅಲ್ಲಿನ ಒಂದು ಮನೆಯ ಜಗಲಿ ಹತ್ತಿ, ಕೂತು ಉಂಡವರ ಹಾಗೆ ಕಾಣಲಿಲ್ಲ. ನಾನು ಉಂಡವಳು, ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾದರೆ ಕತ್ತರಿ ಹಾಕಬೇಡಿ, ಎರಡು ವಾರ ಬಿಟ್ಟಾದರೂ ಪೂರ್ತಿ ಹಾಕಿ.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದೆ. ಈಗ ಯಜಮಾನರ ಜೊತೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಗಳು ಆಸ್ಟ್ರಿಯಾದ ವಿಯೆನ್ನಾದಲ್ಲಿ ಕೆಲಸಕ್ಕೆ ಸೇರಿ ಅಲ್ಲಿನ ಹುಡುಗನನ್ನೇ ಮದುವೆಯಾದಳು. ಅವಳ ಬಾಣಂತನಕ್ಕೆ ಹೋದವಳು ಅವರ ದ್ರಾಕ್ಷಿ ಕೊಯ್ಲು ಮುಗಿಯುವವರೆಗೂ ಅಲ್ಲಿದ್ದೆ. ಬೀಗರ ಮನೆ ಇರುವುದು ವಿಯೆನ್ನಾದಿಂದ ಉತ್ತರಕ್ಕೆ, ವೈನ್‌ಫಿರ್ಟೆಲ್ ಎಂಬ ಸೀಮೆಯ ಒಂದು ಹಳ್ಳಿಯಲ್ಲಿ. ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಸಾಲು. ಊರಾಚೆ ಒಂದು ಓಣಿ, ಅದರ ಇಕ್ಕೆಲದಲ್ಲೂ ಸುಣ್ಣ ಬಳಿದ ಗಿಡ್ಡ ಕಟ್ಟಡಗಳು, ಒಂದೊಂದರ ಹಿಂದೆಯೂ ಮಣ್ಣಿನ ದಿಬ್ಬದೊಳಕ್ಕೆ ಕೊರೆದ ನೆಲಮಾಳಿಗೆ. ಮನುಷ್ಯರು ವಾಸ ಮಾಡುವ ಮನೆ ಅಂದುಕೊಂಡಿದ್ದೆ. ಅಲ್ಲ, ವೈನ್ ಪೀಪಾಯಿ ಇಡುವ ಜಾಗವಂತೆ.

ಭಾನುವಾರದ ಮಧ್ಯಾಹ್ನ ಬೀಗರ ಮನೆಯಲ್ಲಿ ಊಟ. ಬೀಗಿತ್ತಿ ಮೊದಲು ಸೂಪು ತಂದಿಟ್ಟರು. ಮೇಜಿನ ನಡುವೆ ಗಾಜಿನ ಜಗ್ಗಿನ ತುಂಬ ನೀರು, ಪಕ್ಕದಲ್ಲಿ ಸೋಡಾ. ಆಮೇಲೆ ಫ್ರಿಜ್ಜಿನಿಂದ ಒಂದು ಹಸಿರು ಬಾಟಲಿ ತಂದರು. ಕಾರ್ಕು ಎಳೆಯುವ ಸಂಭ್ರಮವೇನೂ ಇಲ್ಲ, ತಿರುಗಿಸಿ ತೆಗೆಯುವ ಮುಚ್ಚಳ, ಅದರ ಮೇಲೆ ಅವರ ಬಾವುಟದ ಕೆಂಪು-ಬಿಳಿ-ಕೆಂಪು ಪಟ್ಟಿ. ಗ್ರೂನರ್ ವೆಲ್ಟ್‌ಲೀನರ್ ಎಂಬ ಬಿಳಿ ದ್ರಾಕ್ಷಿಯ ವೈನು. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ದ್ರಾಕ್ಷಿ ಅದೇ. ಅವರ ಅಳತೆಗೆ 'ಆಖ್ಟರ್ಲ್' ಅನ್ನುತ್ತಾರೆ, ಅಂದರೆ ಲೀಟರಿನ ಎಂಟನೇ ಒಂದು ಭಾಗ, 125 ಮಿಲಿ. ಬೀಗರಿಗೆ ಒಂದು, ಅಳಿಯನಿಗೆ ಒಂದು, ಬೀಗಿತ್ತಿಗೆ ಅದರಲ್ಲೂ ಅರ್ಧ, ಉಳಿದದ್ದಕ್ಕೆ ಸೋಡಾ. ಲೋಟಕ್ಕೆ ಲೋಟ ತಾಗಿಸುವಾಗ ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡಬೇಕು. ನಾನು ಲೋಟ ನೋಡುತ್ತಿದ್ದೆ ಅಂತ ಬೀಗಿತ್ತಿ ನಕ್ಕು ಇನ್ನೊಂದು ಸಲ ತಾಗಿಸಿದರು. ನನ್ನದು ದ್ರಾಕ್ಷಿ ರಸ. ಮಗಳು ಹಾಲೂಡುತ್ತಿದ್ದಳು, ಅವಳದ್ದು ಬರೀ ನೀರು. ಅವಳಿಗೆ ಯಾರೂ 'ಒಂದೇ ಒಂದು ಗುಟುಕು' ಅಂತ ಒತ್ತಾಯ ಮಾಡಲಿಲ್ಲ.

ಊಟ ಒಂದೂವರೆ ಗಂಟೆ ನಡೆಯಿತು. ಮಾತೆಲ್ಲ ಪಕ್ಕದ ಮನೆಯವರ ಟ್ರಾಕ್ಟರ್ ರಿಪೇರಿ, ಮಗುವಿನ ಲಸಿಕೆ, ನಮ್ಮ ಕಡೆಯ ಮಳೆ. ವೈನ್ ಬಗ್ಗೆ ಒಂದು ಮಾತೂ ಬರಲಿಲ್ಲ. ಎದ್ದಾಗ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬೀಗಿತ್ತಿ ಮುಚ್ಚಳ ತಿರುಗಿಸಿ, ಉಳಿದ ಸೂಪಿನ ಪಾತ್ರೆಯ ಜೊತೆ ಅದನ್ನೂ ಫ್ರಿಜ್ಜಿಗೆ ಸೇರಿಸಿ ಬಂದರು.

ಶಿವಮೊಗ್ಗದ ಪತ್ರಲೇಖಕರಿಗೆ ನಾನು ಹೇಳುವುದು ಇದನ್ನೇ. ನೀರಿನ ಹಾಗೆ ಕುಡಿಯುತ್ತಾರೆ ಎಂದಿರಿ. ನಾನು ಕಂಡ ಮನೆಗಳಲ್ಲಿ ನೀರನ್ನು ನೀರಿನ ಹಾಗೆ ಕುಡಿಯುತ್ತಾರೆ, ವೈನನ್ನು ಊಟಕ್ಕೆ ನೆಂಚಿಕೊಳ್ಳುತ್ತಾರೆ. ತೆರೆದ ಬಾಟಲಿ ಉಳಿಯುವುದನ್ನು ನಮ್ಮ ಕಡೆ ಯಾರಾದರೂ ನೋಡಿದ್ದೀರಾ? ನನ್ನ ಭಾವನ ಮಗನೂ ಸೇರಿ ಕುಡಿಯುವ ಗಂಡಸರನ್ನು ಇಡೀ ಆಯುಷ್ಯ ನೋಡಿದ್ದೇನೆ. 'ಉಳಿದದ್ದು ನಾಳೆಗೆ' ಅಂದವರನ್ನು ಕಾಣೆ.

ವಿಯೆನ್ನಾ ಊರೊಳಗೇ 500 ಹೆಕ್ಟೇರಿಗೂ ಹೆಚ್ಚು ದ್ರಾಕ್ಷಿ ತೋಟವಿದೆ. ಒಂದು ದೇಶದ ರಾಜಧಾನಿ ಅದು, ನೆನಪಿರಲಿ. ಅಳಿಯ ಒಂದು ಸಂಜೆ ನಮ್ಮನ್ನು 31ನೇ ನಂಬರಿನ ಟ್ರಾಮಿನಲ್ಲಿ ಕೊನೆಯ ನಿಲ್ದಾಣ ಸ್ಟಾಮರ್ಸ್‌ಡೋರ್ಫ್‌ಗೆ ಕರೆದುಕೊಂಡು ಹೋದ. ಅಲ್ಲಿ ಕೆಲವು ಮನೆಗಳ ಬಾಗಿಲ ಮೇಲೆ ಫರ್ ಮರದ ಹಸಿರು ಟೊಂಗೆ ಕಟ್ಟಿದ್ದರು. ಟೊಂಗೆ ಕಟ್ಟಿದ್ದರೆ ಆ ಬೆಳೆಗಾರನ ಮನೆಯಲ್ಲಿ ಈ ಹೊತ್ತು ವೈನ್ ಸಿಗುತ್ತದೆ ಎಂದರ್ಥ. ಟೊಂಗೆ ಇಳಿಸಿದರೆ ಬಾಗಿಲು ಹಾಕಿದೆ ಅಂತ. 1784ರಲ್ಲಿ ಎರಡನೇ ಜೋಸೆಫ್ ಎಂಬ ಚಕ್ರವರ್ತಿ ಹೊರಡಿಸಿದ ಆಜ್ಞೆಯಿಂದ ಇದು ಶುರುವಾದದ್ದು: ಬೆಳೆದವನು ತಾನು ಬೆಳೆದ ದ್ರಾಕ್ಷಿಯ ವೈನನ್ನು, ತನ್ನ ಮನೆಯ ತಿಂಡಿಯ ಜೊತೆ ತಾನೇ ಮಾರಬಹುದು ಎಂದು. ಈ ಜಾಗಗಳನ್ನು 'ಹೊಯ್ರಿಗರ್' ಅನ್ನುತ್ತಾರೆ. ಅಂಗಳದಲ್ಲಿ ವಾಲ್‌ನಟ್ ಮರದ ಕೆಳಗೆ ಉದ್ದುದ್ದ ಹಲಗೆಯ ಬೆಂಚು. ಒಂದು ಬೆಂಚಿನ ಮೇಲೆ ಇಬ್ಬರು ಮುದುಕಿಯರು ಇಸ್ಪೀಟು ಆಡುತ್ತಿದ್ದರು, ಮಗ್ಗುಲಲ್ಲಿ ತಳ್ಳುಗಾಡಿಯ ಮಗು, ಮೇಜಿನ ಕೆಳಗೆ ನಾಯಿ. ಒಳಗೆ ಹೋಗಿ ಬ್ರೆಡ್ಡು, ಗಿಣ್ಣಿನ ಹಾಗೆ ಮೃದುವಾದ ಚೀಸಿಗೆ ಕೆಂಪು ಮೆಣಸಿನ ಪುಡಿ ಕಲಸಿದ ಲಿಪ್ಟಾವರ್, ಆಲೂಗಡ್ಡೆ ಸಲಾಡು, ಉಪ್ಪಿನಕಾಯಿ ಸೌತೆ ತಂದೆವು. ಅವರೆಲ್ಲ ಮಾಂಸದ ತೆಳು ತುಂಡುಗಳನ್ನೂ ತಂದರು.

ಅಲ್ಲಿಯೇ ನಾನು ವೈನ್ ರುಚಿ ನೋಡಿದ್ದು. ಇದನ್ನು ಪತ್ರಿಕೆಗೆ ಬರೆಯಲು ನನಗೆ ನಾಚಿಕೆಯಿಲ್ಲ, ಸಾಗರದ ಮಹನೀಯರು ಬೇಕಾದರೆ ಮುಖ ತಿರುಗಿಸಿಕೊಳ್ಳಲಿ. ಬರೀ ವೈನು ನಾಲಗೆಗೆ ಹುಳಿ, ಗಂಟಲಿಗೆ ಒಗರು. ಅರ್ಧ ವೈನು ಅರ್ಧ ಸೋಡಾ ಹಾಕಿದ್ದು, ಅದಕ್ಕೆ 'ಗ್‌ಶ್ಪ್ರಿಟ್ಸ್ಟರ್' ಅನ್ನುತ್ತಾರೆ, ಪರವಾಗಿಲ್ಲ ಅನಿಸಿತು. ಅದಕ್ಕಿಂತ ನನ್ನ ಮನಸ್ಸು ಹಿಡಿದದ್ದು ಬೇರೆ. ವಿಯೆನ್ನಾದ ಹಳೇ ಪದ್ಧತಿಯಲ್ಲಿ ಒಂದೇ ತೋಟದಲ್ಲಿ ನಾಲ್ಕಾರು ಜಾತಿಯ ದ್ರಾಕ್ಷಿಯನ್ನು ಬೆರೆಸಿ ನೆಡುತ್ತಾರೆ, ಒಟ್ಟಿಗೇ ಕೊಯ್ದು ಒಟ್ಟಿಗೇ ಹಿಂಡುತ್ತಾರೆ. ಒಂದು ಜಾತಿಗೆ ರೋಗ ಬಂದರೆ, ಹೂವಿನ ಹೊತ್ತಿಗೆ ಚಳಿ ಬಿದ್ದರೆ, ಇನ್ನೊಂದು ಕೈ ಹಿಡಿಯುತ್ತದೆ. ನಮ್ಮ ಅಡಿಕೆ ತೋಟದಲ್ಲಿ ಮರಕ್ಕೆ ಮೆಣಸು ಹಬ್ಬಿಸಿ, ಸಾಲಿನ ನಡುವೆ ಬಾಳೆ, ಏಲಕ್ಕಿ ಹಾಕುವುದೂ ಇದೇ ಲೆಕ್ಕಕ್ಕಲ್ಲವೇ? ಯಜಮಾನರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ವೈನ್ ವಿಷಯಕ್ಕೆ ಮುಖ ಗಂಟಿಕ್ಕಿದ್ದವರು, ಸಾಲಿನಿಂದ ಸಾಲಿಗೆ ಎಷ್ಟು ಅಡಿ ಬಿಡುತ್ತಾರೆ ಕೇಳು ಅಂದರು.

ಹೊರಡುವಾಗ ಎಲ್ಲರೂ ಟ್ರಾಮಿಗೇ ನಿಂತರು. ಅಲ್ಲಿ ಗಾಡಿ ಓಡಿಸುವವನ ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಮಿನವರೆಗೆ ಮದ್ಯಕ್ಕೆ ವಿನಾಯಿತಿ ಇದೆ, ನಮ್ಮ ಕಾನೂನಿನಲ್ಲಿ 30. ಕಾಗದದ ಮೇಲೆ ನಾವೇ ಕಟ್ಟುನಿಟ್ಟು. ಆದರೆ ರಾತ್ರಿ ಒಂಬತ್ತರ ಮೇಲೆ ಆಗುಂಬೆ ಕಡೆಯ ತಿರುವುಗಳಲ್ಲಿ ಒಂದೇ ಬೈಕಿನಲ್ಲಿ ಮೂವರು ಓಲಾಡುತ್ತ ಹೋಗುವುದನ್ನು ನೋಡಿದವರಿಗೆ ಆ 30ರ ಬೆಲೆ ಗೊತ್ತು. ನಮ್ಮಲ್ಲಿ ಆ ಹೊತ್ತಿಗೆ ಟ್ರಾಮು ಎಲ್ಲಿಂದ ತರೋಣ, ಬಸ್ಸೇ ಇಲ್ಲ.

ಹಾಗಂತ ಅಲ್ಲಿ ಎಲ್ಲ ಚಿನ್ನ ಅಂತ ಹೇಳಲು ನಾನು ಕೂತಿಲ್ಲ. ಕುಡಿತಕ್ಕೆ ಬಿದ್ದು ಹಾಳಾದವರು ಅಲ್ಲೂ ಇದ್ದಾರೆ. ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಬೆಳಗಿನ ಹೊತ್ತೇ ಡಬ್ಬಿ ಹಿಡಿದು ಕೂತವರನ್ನು ಕಂಡಿದ್ದೇನೆ. 1985ರಲ್ಲಿ ಆಸ್ಟ್ರಿಯಾದ ಕೆಲವು ವ್ಯಾಪಾರಿಗಳು ವೈನಿಗೆ ಸಿಹಿ, ದಪ್ಪ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿ ಸಿಕ್ಕಿಬಿದ್ದರು. ದೇಶದ ವೈನ್ ರಫ್ತು ನೆಲ ಕಚ್ಚಿತು. ಬೀಗರು ಆ ವರ್ಷದ ಕಥೆ ಹೇಳುವಾಗ ಈಗಲೂ ದನಿ ಏರಿಸುತ್ತಾರೆ: ತಪ್ಪು ಮಾಡಿದವರು ಕೆಲವರು, ಪ್ರಾಮಾಣಿಕ ಬೆಳೆಗಾರನ ಪೀಪಾಯಿಯನ್ನೂ ಕೇಳುವವರಿಲ್ಲದಾಯಿತು. ಅದೇ ವರ್ಷ ಬಿಗಿಯಾದ ಹೊಸ ವೈನ್ ಕಾಯ್ದೆ ಬಂತು. ಮುಚ್ಚಳದ ಮೇಲಿನ ಆ ಕೆಂಪು-ಬಿಳಿ ಪಟ್ಟಿಯೂ ಸರ್ಕಾರ ಕಣ್ಣಿಟ್ಟಿದೆ ಅನ್ನುವುದರ ಗುರುತು. ಇನ್ನು ಆರೋಗ್ಯದ ಮಾತು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಗೆ ಮದ್ಯ ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ಸೇರಿಯಾಗಿದೆ. ವೈನ್ ಹೃದಯಕ್ಕೆ ಒಳ್ಳೆಯದು ಅಂತ ವಾಟ್ಸಾಪಿನಲ್ಲಿ ಕಳಿಸುವವರು ಇದನ್ನೂ ಕಳಿಸಲಿ.

ಫ್ರಾನ್ಸಿನ ವಿಷಯ ಗೊತ್ತಾದಾಗ ಟೀಚರಾಗಿದ್ದ ನನಗೆ ಎದೆ ಧಸಕ್ಕೆಂದಿತು. ಅಲ್ಲಿ 1956ರವರೆಗೂ ಶಾಲೆಯ ಊಟದ ಜೊತೆ ಮಕ್ಕಳಿಗೂ ವೈನ್ ಸಿಗುತ್ತಿತ್ತಂತೆ. ಆ ವರ್ಷ 14 ವರ್ಷದೊಳಗಿನವರಿಗೆ ನಿಲ್ಲಿಸಿದರು, ದೊಡ್ಡ ತರಗತಿಗಳಲ್ಲಿ ಪೂರ್ತಿ ನಿಂತದ್ದು 1981ರಲ್ಲಿ. 1991ರಲ್ಲಿ ಮದ್ಯದ ಜಾಹೀರಾತಿಗೂ ಕಾಯ್ದೆಯ ಲಗಾಮು ಹಾಕಿದರು. ಐವತ್ತು ಅರವತ್ತು ವರ್ಷದ ಹಿಂದೆ ಕುಡಿಯುತ್ತಿದ್ದುದರ ಅರ್ಧದಷ್ಟೂ ವೈನನ್ನು ಫ್ರೆಂಚರು ಈಗ ಕುಡಿಯುವುದಿಲ್ಲ. ಅಂದರೆ ವೈನಿನ ತವರಲ್ಲೇ ಜನ ಲೋಟ ಕೆಳಗಿಡುತ್ತಿದ್ದಾರೆ. ಯುರೋಪನ್ನು ತೋರಿಸಿ ವಾದ ಮಾಡುವವರು ಯಾವ ಕಾಲದ ಯುರೋಪನ್ನು ತೋರಿಸುತ್ತಿದ್ದಾರೋ!

ಈಗ ನಮ್ಮ ಊರಿಗೆ ಬರೋಣ. ಸಾಗರದವರು ಸಂಸ್ಕೃತಿಯ ಮಾತೆತ್ತಿದ್ದಾರೆ. ಭೂತನ ಹರಕೆಗೆ ಕೋಳಿಯ ಜೊತೆ ಹೆಂಡವನ್ನೂ ಇಡುವ ಸೀಮೆ ನಮ್ಮದು. ಬಗನಿ ಮರದ ಹೆಂಡ, ಗಡಂಗು, ಕಳ್ಳಭಟ್ಟಿ ಯಾವುದನ್ನೂ ಆಸ್ಟ್ರಿಯಾದವರು ತಂದು ಕೊಟ್ಟದ್ದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಸಾರಾಯಿ ಹೋಯಿತೆಂದು ನಮ್ಮ ಸಂಘದ ಹೆಂಗಸರು ಅವತ್ತು ಪಾಯಸ ಮಾಡಿ ಹಂಚಿದ್ದರು. ಅದೇ ವರ್ಷ ಸರ್ಕಾರ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ವೈನ್ ನೀತಿಯನ್ನೂ ತಂದಿತು. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ಕಡೆಯವರಿಗೆ ಅದರಿಂದ ಏನಾಯಿತೋ, ನಮ್ಮೂರಿಗೆ ಬಂದದ್ದು ವೈನಲ್ಲ. ಸಾರಾಯಿ ಪ್ಯಾಕೆಟ್ ಇದ್ದ ಜಾಗಕ್ಕೆ ವಿಸ್ಕಿ-ರಮ್ಮಿನ ಟೆಟ್ರಾ ಪ್ಯಾಕ್ ಬಂತು, ಅಷ್ಟೆ.

ಅದನ್ನು ಕುಡಿಯುವ ಬಗೆಯನ್ನು ಹತ್ತಿರದಿಂದ ನೋಡಿದ್ದೇನೆ. ಶನಿವಾರ ಸಂಜೆ ಬಟವಾಡೆ ಆದ ಮೇಲೆ ತೋಟದ ಕೆಳಗಿನ ತಿರುವಿನ ಗೂಡಂಗಡಿ ಹಿಂದೆ ನಾಲ್ಕೈದು ಜನ ನಿಂತಿರುತ್ತಾರೆ. ಕೂರುವುದಕ್ಕೆ ಜಾಗವಿಲ್ಲ, ಯಾರಿಗೂ ಕೂರುವ ಮನಸ್ಸೂ ಇಲ್ಲ. ಬೀಡಿ, ಸೋಪು, ಬಿಸ್ಕೆಟ್ ಮಾರುವ ಅಂಗಡಿ ಅದು, ಅಕ್ಕಿ ಮೂಟೆಯ ಹಿಂದಿನಿಂದ ಪ್ಯಾಕೆಟ್ ಬರುತ್ತದೆ. ಲೈಸೆನ್ಸ್ ಕೇಳಬೇಡಿ. ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ನೀರಿನ ಪೊಟ್ಟಣ ಒಡೆದು ಒಂದಿಷ್ಟು ಬೆರೆಸಿ, ಕಣ್ಣು ಮುಚ್ಚಿ ಒಂದೇ ಏಟಿಗೆ ಗಂಟಲಿಗೆ. ಅಂಗೈಯಲ್ಲಿ ಚಿಟಿಕೆ ಉಪ್ಪಿನಕಾಯಿ, ಅದನ್ನೇ ನೆಕ್ಕುವುದು. ಬಾಯಿ ಒರೆಸಿಕೊಂಡು ಹೊರಟರೆ ಮುಗಿಯಿತು, ಎರಡು ನಿಮಿಷದ ಕೆಲಸ. ಹೊಟ್ಟೆಯಲ್ಲಿ ಮಧ್ಯಾಹ್ನದ ಗಂಜಿ ಬಿಟ್ಟರೆ ಏನೂ ಇರುವುದಿಲ್ಲ. ಮನೆಗೆ ಹೋದಾಗ ಮಾಡಿಟ್ಟ ಸಾರಿಗೆ ಉಪ್ಪು ಹೆಚ್ಚಾಗಿರುತ್ತದೆ ಅಥವಾ ಕಡಿಮೆಯಾಗಿರುತ್ತದೆ, ಆಮೇಲಿನದ್ದು ನಿಮಗೆ ಗೊತ್ತು.

ಲೆಕ್ಕ ಹಾಕುವುದು ನನ್ನ ಹಳೇ ಚಾಳಿ. ನಮ್ಮ ವಿಸ್ಕಿ-ರಮ್ಮಿನ ಮೇಲೆ 42.8% ಎಂದು ಬರೆದಿರುತ್ತದೆ. 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಶುದ್ಧ ಮದ್ಯಸಾರ 77 ಮಿಲಿ. ಬೀಗರ ವೈನು 12.5%, ಅವರ ಒಂದು ಲೋಟದಲ್ಲಿ 16 ಮಿಲಿಗೂ ಕಡಿಮೆ. ಬೀಗರು ಭಾನುವಾರದ ಊಟದ ಜೊತೆ ಒಂದೂವರೆ ಗಂಟೆಯಲ್ಲಿ ಕುಡಿದದ್ದರ ಐದರಷ್ಟನ್ನು ನಮ್ಮ ಅಡಿಕೆ ಗೊನೆ ತೆಗೆಯುವ ಹುಡುಗ ಖಾಲಿ ಹೊಟ್ಟೆಗೆ ಎರಡು ನಿಮಿಷದಲ್ಲಿ ಇಳಿಸಿರುತ್ತಾನೆ. ಮರುದಿನ ಬೆಳಿಗ್ಗೆ ಅವನೇ ಮಳೆಗೆ ಪಾಚಿ ಹಿಡಿದ ಅಡಿಕೆ ಮರ ಏರಬೇಕು. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ತೂಗಿ ದಾಟಬೇಕು. ಕೆಳಗೆ ನಿಂತು ಹಗ್ಗ ಹಿಡಿದವರ ಜೀವ ಬಾಯಿಗೆ ಬಂದಿರುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವವರ ಹೆಂಡತಿಯರು ಶನಿವಾರ ನಾಲ್ಕು ಗಂಟೆಗೇ ಬಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಾರೆ, "ಅಮ್ಮಾ, ದುಡ್ಡು ನಮ್ಮ ಕೈಗೆ ಕೊಡಿ" ಅಂತ. ಕೊಟ್ಟರೆ ಗಂಡಸರಿಗೆ ಸಿಟ್ಟು, ಕೊಡದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅರ್ಧ ಅವರಿಗೆ ಅರ್ಧ ಇವರಿಗೆ ಮಾಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತೇನೆ.

ಆಸ್ಟ್ರಿಯಾದಲ್ಲಿ ವೈನಿಗೂ ಗಟ್ಟಿ ಮದ್ಯಕ್ಕೂ ಕಾನೂನೇ ಗೆರೆ ಎಳೆದಿದೆ. ವೈನು, ಬಿಯರಿಗೆ 16 ವರ್ಷ, ಬ್ರಾಂಡಿಯಂಥದ್ದಕ್ಕೆ 18. ಆ ವಯಸ್ಸು ನನಗೆ ಒಪ್ಪಿಗೆಯಿಲ್ಲ, ನಾನು ಹದಿನಾರರ ಹುಡುಗರನ್ನು ಬಲ್ಲೆ. ಆದರೆ ಎರಡೂ ಒಂದೇ ಅಲ್ಲ ಎಂಬ ತಿಳಿವಳಿಕೆ ಸರಿಯಾದದ್ದು. ಇನ್ನೊಂದು ನಿಯಮ ಮಾತ್ರ ಬಹಳ ಹಿಡಿಸಿತು. ಅಲ್ಲಿ ಮದ್ಯ ಕೊಡುವ ಹೋಟೆಲು ಕನಿಷ್ಠ ಎರಡು ಬಗೆಯ ಮದ್ಯವಲ್ಲದ ತಂಪು ಪಾನೀಯವನ್ನು, ತನ್ನಲ್ಲಿರುವ ಅತಿ ಅಗ್ಗದ ತಂಪು ಮದ್ಯಕ್ಕಿಂತ ಹೆಚ್ಚಿಲ್ಲದ ದರಕ್ಕೆ ಇಡಲೇಬೇಕು. ದುಡ್ಡು ಕಡಿಮೆಯೆಂದು ಹುಡುಗರು ಬಿಯರಿಗೆ ಕೈ ಹಾಕಬಾರದು ಅಂತ. ನಮ್ಮ ತಾಲ್ಲೂಕಿನ ಬಾರುಗಳಲ್ಲಿ ಮುರುಗಲು ಹಣ್ಣಿನ ಶರಬತ್ತು, ಮಜ್ಜಿಗೆ ಈ ದರಕ್ಕೆ ಸಿಗುವಂತೆ ಮಾಡಲು ಯಾವ ಯುರೋಪಿಗೂ ಹೋಗಿ ಬರಬೇಕಿಲ್ಲ.

ತೆರಿಗೆಯ ಮಾತನ್ನೂ ಆಡಿಬಿಡುತ್ತೇನೆ. ಆಸ್ಟ್ರಿಯಾದಲ್ಲಿ ನೊರೆ ಬರದ ಸಾಧಾರಣ ವೈನಿಗೆ ವ್ಯಾಟ್ ಬಿಟ್ಟರೆ ಪ್ರತ್ಯೇಕ ಅಬಕಾರಿ ಸುಂಕವೇ ಇಲ್ಲ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟ ಗುರಿ 38,525 ಕೋಟಿ ರೂಪಾಯಿ. ಇಷ್ಟು ದೊಡ್ಡ ಗುರಿ ತಲುಪಬೇಕಾದವರಿಗೆ ನಿಧಾನಕ್ಕೆ ಕುಡಿದು ಅರ್ಧ ಬಾಟಲಿ ಉಳಿಸುವ ಗಿರಾಕಿಯಿಂದ ಏನು ಲಾಭ?

ಹೋಂಸ್ಟೇ ವೈನಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಾನು ವಿರೋಧಿಯಲ್ಲ. ನೇರಳೆ, ಕವಳಿ, ಮುರುಗಲು ನಮ್ಮ ಗುಡ್ಡದಲ್ಲಿ ಬಿದ್ದು ಕೊಳೆಯುತ್ತವೆ. ಆದರೆ ಈಗ ಕೆಲವು ಕಡೆ ನಡೆದಿರುವ ಹಾಗೆ ಹಳೇ ಜ್ಯೂಸ್ ಬಾಟಲಿಗೆ ತುಂಬಿ, 'ಹೋಮ್ ಮೇಡ್' ಅಂತ ಚೀಟಿ ಅಂಟಿಸಿ ಬೆಂಗಳೂರಿನವರಿಗೆ ಕದ್ದು ಮಾರುವುದು ಬೇಡ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಅದರಲ್ಲಿ ಏನು ಬೆರೆತಿದೆ ಎಂದು ಕೇಳುವವರೂ ಇಲ್ಲ. ಹೊಯ್ರಿಗರ್ ಥರ ಮಾಡುವುದಾದರೆ ಪೂರ್ತಿ ಹಾಗೇ ಮಾಡಲಿ: ತನ್ನ ತೋಟದ ಹಣ್ಣು ಮಾತ್ರ, ಪರೀಕ್ಷೆ ಮಾಡಿಸಿದ್ದು ಮಾತ್ರ, ಕೂತು ಉಣ್ಣುವವರಿಗೆ ಮಾತ್ರ, ವರ್ಷದಲ್ಲಿ ಕೆಲವು ವಾರ ಮಾತ್ರ, ರಾತ್ರಿ ಗಾಡಿ ಓಡಿಸುವವರಿಗೆ ಬರೀ ಶರಬತ್ತು. ಕಡುಬು, ಕೋಳಿ ಸಾರಿನ ಜೊತೆ ಅರ್ಧ ಲೋಟ ನೇರಳೆ ವೈನ್ ಇಟ್ಟರೆ ನಮ್ಮ ಸಂಘದ ನಾಲ್ಕು ಹೆಂಗಸರನ್ನು ಕರೆದುಕೊಂಡು ನಾನೇ ಬಂದು ಕೂರುತ್ತೇನೆ.

ಅದಕ್ಕೆ ಇನ್ನೂ ಕಾಲವಿದೆ, ಸಮಿತಿ ಗಿಮಿತಿ ಆಗಬೇಕು. ಗೂಡಂಗಡಿಯ ವಿಷಯಕ್ಕೆ ಹೊಸ ನೀತಿ ಬೇಕಿಲ್ಲ, ಇರುವ ಕಾನೂನು ಸಾಕು. ಬಾಗಿಲಲ್ಲಿ ಜೀಪು ನಿಲ್ಲಿಸಿ ಅಕ್ಕಿ ಮೂಟೆ ಸರಿಸಿ ನೋಡುವಷ್ಟು ಕೆಲಸ. ಈ ಸಲದ ಅಡಿಕೆ ಗೊನೆ ಕೊಯ್ಲು ಶುರುವಾಗುವುದಕ್ಕೆ ಮೊದಲು, ಅದೂ ಶನಿವಾರ ಸಂಜೆಯ ಹೊತ್ತಿಗೆ, ಸಂಬಂಧಪಟ್ಟವರು ನಮ್ಮ ಕಡೆಯ ತಿರುವುಗಳಲ್ಲಿ ಒಂದು ಸುತ್ತು ಹಾಕಲಿ. ಜಾಗ ತೋರಿಸಲು ನಾವು ಹೆಂಗಸರು ತಯಾರಿದ್ದೇವೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ